ವಾಪಸ್ ಬಂದ ಕಾಯಿಕಡಿ

ನನ್ನ ಮಗಳು ಬಸ್ಸಿನಲ್ಲಿ ಒಬ್ಬ ಹುಡುಗನ ಮೂಗು ಒಡೆದದ್ದು ನಾನೇ ಕೊಡಿಸಿದ ನೀರಿನ ಬಾಟಲಿಯಿಂದ. ಪ್ಲಾಸ್ಟಿಕ್ ಬಾಟಲಿಯ ನೀರು ಕುಡಿದರೆ ಕ್ಯಾನ್ಸರ್ ಬರುತ್ತದೆ ಎಂದು ಯಾರೋ ಮೊಬೈಲಿಗೆ ಕಳಿಸಿದ್ದನ್ನು ಓದಿ ನಿದ್ದೆಗೆಟ್ಟು, ಸಾಗರಕ್ಕೆ ಹೋದಾಗ ಅಂಗಡಿಯಲ್ಲಿದ್ದ ಸ್ಟೀಲ್ ಬಾಟಲಿಗಳಲ್ಲೇ ದಪ್ಪನೆಯದನ್ನು ಆರಿಸಿ ತಂದಿದ್ದೆ. ಅಂಗಡಿಯವನು ಅದನ್ನು ಮೆಟ್ಟಿಲಿನ ಕಲ್ಲಿಗೆ ಕುಟ್ಟಿ ತೋರಿಸಿ, ಇದಕ್ಕೆ ಎಂತದೂ ಆಗುವುದಿಲ್ಲ ಎಂದಿದ್ದ. ಅವನ ಮಾತು ನಿಜವಾಯಿತು. ಬಾಟಲಿಗೆ ಸಣ್ಣದೊಂದು ನೆಗ್ಗು ಬಿತ್ತು, ಅಷ್ಟೆ. ಹುಡುಗನ ಮೂಗಿನ ಮೂಳೆ ಮುರಿಯಿತು. ಮುಂದಿನ ಹಲ್ಲೊಂದು ಅರ್ಧಕ್ಕೆ ತುಂಡಾಯಿತು.

ನಾನು ವಿಮೆ ಏಜೆಂಟ್. ಹೊಸನಗರದ ಸುತ್ತಿನ ಹಳ್ಳಿಗಳಲ್ಲಿ ಯಾರ ಜಗುಲಿಯ ಮೇಲೆ ಕೂತರೂ ಅವರ ಸಾವನ್ನು ಅವರೆದುರೇ ಊಹಿಸಿ ಹೇಳುವುದು ನನ್ನ ಕಸುಬು. ಮರದಿಂದ ಬೀಳುವುದು, ಹಾವು ಕಚ್ಚುವುದು, ಲಾರಿಗೆ ಸಿಗುವುದು, ಎಲ್ಲವೂ ನಾಲಿಗೆಯ ತುದಿಯಲ್ಲಿವೆ. ಮನೆಗೆ ಬಂದ ಮೇಲೂ ಈ ಅಂಗಡಿ ಮುಚ್ಚುವುದಿಲ್ಲ. ಮಗಳು ಬೆಳಿಗ್ಗೆ ಕಾಲೇಜಿಗೆ ಹೊರಟಳೆಂದರೆ ಬಸ್ಸಿನ ಟೈರು, ಘಾಟಿಯ ತಿರುವು, ಡ್ರೈವರನ ಕಣ್ಣು, ರಸ್ತೆಗೆ ಒರಗಿದ ಮರ, ಇಷ್ಟನ್ನೂ ಸರದಿಯಂತೆ ಯೋಚಿಸಿ ಮುಗಿಸಿ ಆಮೇಲೆ ಕಾಫಿ ಕುಡಿಯುತ್ತೇನೆ. ಆದರೆ ಇಷ್ಟು ವರ್ಷದ ಯೋಚನೆಯಲ್ಲಿ ಅವಳು ಇನ್ನೊಬ್ಬರಿಗೆ ಹೊಡೆಯಬಹುದು ಎಂಬುದೊಂದು ಬಂದಿರಲಿಲ್ಲ. ಹೊಡೆಸಿಕೊಂಡು ನಮ್ಮ ಮನೆಯವರಿಗೆ ಅಭ್ಯಾಸವಿತ್ತು. ಹೊಡೆಯುವುದು ಹೊಸದು.

ಆದದ್ದು ಹೀಗೆ. ಹುಂಚದ ಮೇಲೆ ಹಾದು ತೀರ್ಥಹಳ್ಳಿಗೆ ಹೋಗುವ ಬೆಳಗಿನ ಬಸ್ಸು ಕಾಲೇಜು ಮಕ್ಕಳಿಂದ ಉಸಿರು ಕಟ್ಟುವಷ್ಟು ತುಂಬುತ್ತದೆ. ಹಿಂಬಾಗಿಲ ಮೆಟ್ಟಿಲು ಆ ಹುಡುಗ ಮತ್ತು ಅವನ ಗೆಳೆಯರ ಪಾಲಿನದು. ಅಲ್ಲಿಂದ ಹತ್ತುವವರು ಅವರ ಕೈ ದಾಟಿ ಹೋಗಬೇಕು. ಅವತ್ತು ಮೊದಲ ವರ್ಷದ ಹುಡುಗಿಯೊಬ್ಬಳು ಅವನ ಕೈ ತಳ್ಳಿದ್ದಕ್ಕೆ ಅವನು ಅವಳ ಬ್ಯಾಗು ಕಿತ್ತು ಓಡುವ ಬಸ್ಸಿನಿಂದ ಹೊರಗೆ ಎಸೆದ. ನನ್ನ ಮಗಳು ಬಿ.ಎಸ್ಸಿ. ಕೊನೆಯ ವರ್ಷ, ಅವನೂ ಅದೇ ತರಗತಿ. ಇವಳು ಬಸ್ ನಿಲ್ಲಿಸಿ ಎಂದು ಕೂಗಿದಳು. ಅವನು ಇವಳ ಜಡೆಯನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡು ಹಣೆಯನ್ನು ಬಾಗಿಲ ಪಕ್ಕದ ಕಬ್ಬಿಣದ ಕಂಬಕ್ಕೆ ಬಡಿದ. ಮತ್ತೆ ಬಡಿದ. ಹುಬ್ಬಿನ ಮೇಲೆ ಚರ್ಮ ಬಿರಿದು ರಕ್ತ ಕಣ್ಣಿಗಿಳಿದಾಗ ಅವಳ ಕೈಗೆ ಸಿಕ್ಕಿದ್ದು ಬ್ಯಾಗಿನ ಬದಿಯಲ್ಲಿದ್ದ ಬಾಟಲಿ. ಏನೂ ಕಾಣುತ್ತಿರಲಿಲ್ಲವಂತೆ. ಉಸಿರಿನ ವಾಸನೆ ಬಂದ ಕಡೆಗೆ ಬೀಸಿದೆ ಎಂದಳು. ಅವನು ಕುಸಿದ ಮೇಲೆ ಅವನ ಗೆಳೆಯನೊಬ್ಬ ಇವಳ ಹೊಟ್ಟೆಗೆ ಒದ್ದ. ಕಂಡಕ್ಟರು ಮಧ್ಯೆ ಬಂದು ಎಲ್ಲರನ್ನೂ ಬೈದು, ರಕ್ತವಾದ ಸೀಟನ್ನು ಯಾರು ತೊಳೆಯುತ್ತಾರೆ ಎಂದು ಕೇಳಿದನಂತೆ.

ತೀರ್ಥಹಳ್ಳಿಯ ಆಸ್ಪತ್ರೆಯಲ್ಲಿ ನನ್ನ ಮಗಳ ಹುಬ್ಬಿಗೆ ಹೊಲಿಗೆ ಹಾಕುತ್ತಿದ್ದಾಗ ಹುಡುಗನ ಕಡೆಯವರು ಕಾಲೇಜಿನಲ್ಲಿದ್ದರು. ಅವನ ಗೆಳೆಯರು ಸಾಕ್ಷಿ ಹೇಳಿದರು. ಬ್ಯಾಗು ಕಳೆದುಕೊಂಡ ಹುಡುಗಿಯನ್ನು ಅವಳ ಅಪ್ಪ ಮರುದಿನದಿಂದ ಮನೆಯಿಂದ ಹೊರಗೇ ಬಿಡಲಿಲ್ಲ. ಬಸ್ಸಿನಲ್ಲಿದ್ದ ಉಳಿದವರು, ಕಂಡಕ್ಟರೂ ಸೇರಿ, ಏನೂ ಕಾಣಲಿಲ್ಲ ಎಂದರು. ಶಿಸ್ತು ಸಮಿತಿಗೆ ಕಂಡದ್ದು ಒಡೆದ ಮೂಗು, ಮುರಿದ ಹಲ್ಲು. ಇವಳಿಗೆ ಟಿ.ಸಿ. ಕೊಟ್ಟು ಕಳಿಸುವುದೆಂದು ತೀರ್ಮಾನವಾಯಿತು. ಕೊನೆಯ ಪರೀಕ್ಷೆ ಹತ್ತಿರವಿತ್ತು. ಈಗ ಹೊರಗೆ ಬಿದ್ದರೆ ಬೇರೆ ಯಾವ ಕಾಲೇಜೂ ನಡುವೆ ಸೇರಿಸಿಕೊಳ್ಳುವುದಿಲ್ಲ, ಹೊಡೆದಾಟದ ಟಿ.ಸಿ.ಯವಳನ್ನು ಆಮೇಲೂ ಸೇರಿಸಿಕೊಳ್ಳುವುದು ಅನುಮಾನ. ಓದು ಅಲ್ಲಿಗೆ ಮುಗಿದ ಹಾಗೆಯೇ.

ಪ್ರಿನ್ಸಿಪಾಲರು ಒಳ್ಳೆಯವರು. ಒಳ್ಳೆಯವರಾದ್ದರಿಂದಲೇ ಸಮಿತಿಯಲ್ಲಿ ಅವರ ಮಾತು ನಡೆದಿರಲಿಲ್ಲ. ನನ್ನನ್ನು ಕೂರಿಸಿಕೊಂಡು, ಆಡಳಿತ ಮಂಡಳಿಗೆ ಮೇಲ್ಮನವಿ ಕೊಡಬಹುದು, ಅವರು ಇನ್ನೊಮ್ಮೆ ವಿಚಾರಣೆ ಮಾಡುತ್ತಾರೆ ಎಂದರು. ಮಗಳ ಅಂಕ ಚೆನ್ನಾಗಿವೆ, ಹಿಂದೆ ಯಾವ ದೂರೂ ಇಲ್ಲ, ಇದೆಲ್ಲ ಅವಳ ಪರವಾಗಿದೆ. ಹಾಜರಿ ಒಂದೇ ಕಷ್ಟ. ಮಳೆಗಾಲದಲ್ಲಿ ನಮ್ಮ ಕಡೆಯ ಬಸ್ಸು ಬಾರದ ದಿನಗಳೆಲ್ಲ ಸೇರಿ, ಪರೀಕ್ಷೆಗೆ ಬೇಕಾದ ಮುಕ್ಕಾಲು ಪಾಲಿನ ಅಂಚಿನಲ್ಲಿ ಅವಳ ಕಾಲು ಜಾರುತ್ತಿತ್ತು. ಬೇಗ ಮಾಡಿ ಎಂದರು. ಕೊನೆಗೆ ದನಿ ತಗ್ಗಿಸಿ, "ಮೊದ್ಲು ಕೈ ಮಾಡಿದ್ದು ಅವ್ನು ಅನ್ನೋದ್ರ ಮೇಲೇ ಎಲ್ಲ ನಿಂತಿದೆ. ಬರವಣಿಗೇಲಿ ಎಲ್ಲೂ ತಪ್ಪಾಯ್ತು ಅಂತ ಬರೀಬೇಡಿ" ಎಂದರು.

ನಾನು ಬರೆಯಲಿಲ್ಲ. ಮೇಲ್ಮನವಿಯಲ್ಲಿ ಆ ಮಾತು ಎಲ್ಲಿಯೂ ಇಲ್ಲ. ಅದನ್ನು ಕೊಟ್ಟು ಬಂದ ಮರುದಿನ ಬೆಳಿಗ್ಗೆ ಒಂದು ತೆಂಗಿನಕಾಯಿ, ವೀಳ್ಯದೆಲೆ, ಅಡಿಕೆಯನ್ನು ಚೀಲಕ್ಕೆ ಹಾಕಿಕೊಂಡು ಸ್ಕೂಟರ್ ಹತ್ತಿ ಹುಂಚದ ಹಾದಿಯಲ್ಲಿರುವ ಆ ಹುಡುಗನ ಮನೆಗೆ ಹೊರಟೆ. ಕಾಯಿ ಬರವಣಿಗೆಯಲ್ಲವಲ್ಲ ಎಂದುಕೊಂಡಿದ್ದೆ.

ಇದಕ್ಕೆ ನಮ್ಮಲ್ಲಿ ತಪ್ಪುಕಾಯಿ ಎನ್ನುತ್ತಾರೆ. ಎರಡು ಮನೆಗಳ ನಡುವೆ ರಕ್ತ ಬಿದ್ದರೆ ಯಾರಾದರೂ ಒಂದು ಕಡೆಯ ಹಿರಿಯ ಕಾಯಿ ಹಿಡಿದು ಹೋಗಿ ತಪ್ಪಾಯ್ತು ಎನ್ನಬೇಕು. ತಪ್ಪು ಯಾರದು ಎಂಬುದು ಆಮೇಲಿನ ಮಾತು. ಮೊದಲು ಕತ್ತಿ ಒಳಗೆ ಹೋಗಲಿ ಎಂದು ಈ ಏರ್ಪಾಡು. ಆ ಮನೆಯ ಯಜಮಾನ ಕಾಯಿ ಒಡೆದು ಎರಡು ಹೋಳು ಮಾಡುತ್ತಾನೆ. ಎರಡೂ ಕಡಿ ಇಟ್ಟುಕೊಂಡರೆ ಪೂರಾ ತಪ್ಪು ತಂದವನದು. ಒಂದು ಕಡಿ ವಾಪಸ್ ಕೊಟ್ಟರೆ ತಪ್ಪಿನಲ್ಲಿ ನಮಗೂ ಪಾಲಿದೆ ಎಂದು ಒಪ್ಪಿದ ಹಾಗೆ.

ಆ ಮನೆಗೆ ನಮ್ಮ ಮನೆಯಿಂದ ಕಾಯಿ ಹೋದದ್ದು ಅದೇ ಮೊದಲಲ್ಲ. ನನ್ನ ಅಜ್ಜ ಅವರ ಗೇಣಿದಾರನಾಗಿದ್ದ. ಒಂದು ವರ್ಷ ಗೇಣಿಯ ಭತ್ತ ಕಡಿಮೆ ಬಿತ್ತೆಂದು ಅವರ ಅಂಗಳದ ಹಲಸಿನ ಮರಕ್ಕೆ ಅವನನ್ನು ಕಟ್ಟಿ ನೆನೆಸಿದ ಹಗ್ಗದಲ್ಲಿ ಹೊಡೆದರು. ಬೆನ್ನಿನ ಗಾಯ ಮಾಯುವ ಮೊದಲೇ ಅಜ್ಜನೇ ಕಾಯಿ ಹಿಡಿದು ಹೋಗಿ ತಪ್ಪಾಯ್ತು ಎಂದ. ಎರಡೂ ಕಡಿ ಒಳಗೆ ಹೋದವು. ಗೇಣಿದಾರನಿಗೆ ಕಡಿ ವಾಪಸ್ ಕೊಡುವ ಪದ್ಧತಿಯೇ ಇರಲಿಲ್ಲ. ಆಮೇಲೆ ಕಾನೂನು ಬಂತು, ಉತ್ತ ಗದ್ದೆ ನಮ್ಮದಾಯಿತು, ಅಜ್ಜ ಸತ್ತ. ಈಗ ಆ ಮನೆಯ ಗೌಡರು, ಆ ಹುಡುಗನ ಅಪ್ಪ, ನನ್ನ ಹತ್ತಿರ ಪಾಲಿಸಿ ಮಾಡಿಸಿದ್ದಾರೆ. ಅವರು ಸತ್ತರೆ ಯಾರಿಗೆ ಎಷ್ಟು ಎಂಬುದು ನನಗೆ ಗೊತ್ತಿದೆ. ಇದನ್ನು ನಾನು ಸಮಾನತೆ ಎಂದು ತಿಳಿದಿದ್ದೆ.

ನಾನು ಹೋದಾಗ ಗೌಡರು ಅಂಗಳದಲ್ಲಿ ಹುಂಜ ಕೊಯ್ಯುತ್ತಿದ್ದರು. ತಲೆಯಿಲ್ಲದ ಹುಂಜ ಕೊಟ್ಟಿಗೆಯ ತನಕ ಓಡಿ ಗೋಡೆಗೆ ಹೊಡೆದು ಬಿತ್ತು. ನಾನು ಗೌಡ್ರೆ ಎಂದು ಬಾಯಿ ತೆರೆಯುವಷ್ಟರಲ್ಲಿ ಅವರ ಎಡಗೈ ನನ್ನ ಕಾಲರಿನಲ್ಲಿತ್ತು, ಬಲಗೈಯಲ್ಲಿ ಕತ್ತಿ ಹಾಗೇ ಇತ್ತು. ನನ್ನನ್ನು ದರದರನೆ ಎಳೆದುಕೊಂಡು ಹೋಗಿ ಜಗುಲಿಯ ಮೇಲೆ ಮಲಗಿದ್ದ ಹುಡುಗನ ಮುಖದ ಮುಂದೆ ನನ್ನ ಮುಖ ಹಿಡಿದರು. ಕಣ್ಣಿನ ಸುತ್ತ ನೇರಳೆ ಬಣ್ಣಕ್ಕೆ ಊದಿತ್ತು, ಮೂಗಿನ ಮೇಲೆ ದಪ್ಪ ಪಟ್ಟಿ.

"ನೋಡು. ಸಮಾ ನೋಡು. ನಿನ್ನ ಮಗಳ ಕೈನ ನಾನು ಮುರೀಬೇಕಾ, ನೀನೇ ಮುರ್ಕೊಂಡು ಬರ್ತೀಯಾ?"

ತಳ್ಳಿದರು. ನಾನು ಮೆಟ್ಟಿಲಿನಿಂದ ಅಂಗಳಕ್ಕೆ ಬಿದ್ದೆ. ಮೊಣಕೈ ಸುಲಿಯಿತು. ಚೀಲದ ಕಾಯಿ ಉರುಳಿ ಹುಂಜದ ರಕ್ತದಲ್ಲಿ ನಿಂತಿತು. ಬಿದ್ದಲ್ಲಿಂದಲೇ ನಾನು ತಪ್ಪಾಯ್ತು ಗೌಡ್ರೆ ಎಂದೆ. ಎದ್ದು ಹೇಳಬಹುದಿತ್ತು, ಬಿದ್ದಿರುವಾಗಲೇ ಹೇಳಿದರೆ ಇನ್ನೊಮ್ಮೆ ಬೀಳಿಸುವ ಕೆಲಸ ತಪ್ಪುತ್ತದೆ ಎಂದು ಅನಿಸಿರಬೇಕು. ತಲೆಯೆತ್ತಿದಾಗ ಎದುರಿಗೆ ಹಲಸಿನ ಮರವಿತ್ತು. ನೋಡಬಾರದೆಂದುಕೊಂಡೇ ಬಂದಿದ್ದೆ.

ಒಳಗಿನಿಂದ ಗೌಡರ ತಾಯಿ ಬಂದರು. ತೀರ ಮುದುಕಿ. ಕಾಯಿ ಎತ್ತಿ ಸೆರಗಿನಲ್ಲಿ ಒರೆಸಿ ಮಗನ ಕೈಗೆ ಕೊಟ್ಟರು. "ಆ ಹುಡ್ಗಿ ಹಣೆಗೂ ಹೊಲಿಗೆ ಬಿದ್ದಿದ್ಯಂತೆ. ಜಡೆ ಹಿಡ್ದವ ಯಾರು ಅಂತ ನಿನ್ನ ಮಗನ್ನ ಕೇಳಿದ್ಯನ?" ಎಂದರು.

ಗೌಡರು ಕೇಳಲಿಲ್ಲ. ಮಗನತ್ತ ತಿರುಗಿ ನೋಡಿದರು. ಹುಡುಗ ಗೋಡೆಯ ಕಡೆ ಹೊರಳಿ ಮಲಗಿದ. ಅವರು ಕತ್ತಿಯ ಹಿಂಬದಿಯಿಂದ ಒಂದೇ ಏಟಿಗೆ ಕಾಯಿ ಒಡೆದರು. ನೀರು ನನ್ನ ಕಾಲಿನ ತನಕ ಹಾರಿತು. ಎರಡೂ ಕಡಿಯನ್ನು ಒಂದೊಂದು ಕೈಯಲ್ಲಿ ತೂಗಿ ನೋಡಿದರು. ಆಮೇಲೆ ಒಂದನ್ನು ತಾಯಿಗೆ ಕೊಟ್ಟು ಇನ್ನೊಂದನ್ನು ನನ್ನ ಚೀಲಕ್ಕೆ ಎಸೆದು, ಹೋಗು ಎಂದರು. ಆ ಕ್ಷಣಕ್ಕೆ ನನಗೆ ಅರ್ಥವಾದದ್ದು ಹೋಗು ಎಂಬ ಮಾತು ಮಾತ್ರ. ಚೀಲ ಎತ್ತಿಕೊಂಡು ಸ್ಕೂಟರ್ ಹತ್ತಿದೆ.

ಮನೆಯಲ್ಲಿ ಹೆಂಡತಿ ಚೀಲದಿಂದ ಕಡಿ ತೆಗೆದು ಅದನ್ನೂ ನನ್ನನ್ನೂ ನೋಡಿದಳು. "ಇದನ್ನ ಅವ್ರೇ ಕೊಟ್ಟಿದ್ದಾ, ಗಡಿಬಿಡಿಲಿ ನೀವೇ ಎತ್ಕೊಂಡು ಬಂದಿದ್ದಾ?" ಎಂದು ಕೇಳಿದಳು. ನನ್ನ ಧೈರ್ಯದ ಬಗ್ಗೆ ಅವಳಿಗೆ ಯಾವತ್ತೂ ಸರಿಯಾದ ಅಂದಾಜಿದೆ. ಅವರೇ ಕೊಟ್ಟದ್ದು ಎಂದೆ. ಹೇಳಿದ ಮೇಲೆ ನನಗೂ ಹೊಳೆಯಿತು.

ಮಗಳಿಗೆ ಇದ್ಯಾವುದೂ ಬೇಕಿರಲಿಲ್ಲ. ಅವಳು ಒಂದು ಕಣ್ಣು ಊದಿಕೊಂಡು ಕೋಣೆಯ ಬಾಗಿಲಲ್ಲಿ ನಿಂತಿದ್ದಳು. "ನಿಮ್ಮಜ್ಜನ್ನ ಕಟ್ಟಿದ ಮರ ಇನ್ನೂ ಇದ್ಯಾ ಅಪ್ಪ? ಹಗ್ಗನೂ ನೀವೇ ತಗೊಂಡು ಹೋಗ್ಬೇಕಿತ್ತು." ಅಷ್ಟು ಹೇಳಿ ಕೈಯಲ್ಲಿದ್ದ ಬಾಟಲಿಯನ್ನು ಗೋಡೆಗೆ ಬೀಸಿ ಒಗೆದಳು. ಗಾರೆ ಉದುರಿತು. ಬಾಟಲಿಗೆ ಎಂತದೂ ಆಗಲಿಲ್ಲ. ನನ್ನ ತಲೆಗೆ ಅದು ಒಂದು ಗೇಣು ದೂರದಲ್ಲಿ ಹಾದು ಹೋಯಿತು. ಗುರಿ ನಾನೋ ಗೋಡೆಯೋ ಎಂದು ನಾನು ಇವತ್ತಿಗೂ ಕೇಳಿಲ್ಲ. ಮರುದಿನ ಹೆಂಡತಿ ಆ ಕಡಿಯನ್ನು, ಇಟ್ಟರೆ ಹಾಳಾಗುತ್ತದೆಂದು, ತುರಿದು ಸಾರಿಗೆ ಹಾಕಿದಳು. ಮಗಳು ಉಣ್ಣಲಿಲ್ಲ. ನಾನು ಎರಡು ಸಲ ಬಡಿಸಿಕೊಂಡೆ. ಹೆದರಿಕೆಯಾದಾಗ ನನಗೆ ಹಸಿವು ಹೆಚ್ಚು.

ವಿಚಾರಣೆಯ ದಿನ ಕಾಲೇಜಿನ ಮೇಲಿನ ಕೋಣೆಯಲ್ಲಿ ಉದ್ದನೆಯ ಮೇಜು ಹಾಕಿದ್ದರು. ನಡುವೆ ಮಂಡಳಿಯ ಹಿರಿಯರೊಬ್ಬರು. ತೀರ್ಥಹಳ್ಳಿ ಸೀಮೆಯ ದೊಡ್ಡ ಮನೆಯವರು. ಒಂದು ಪಕ್ಕ ಪ್ರಿನ್ಸಿಪಾಲರು, ಇನ್ನೊಂದು ಪಕ್ಕ ಕನ್ನಡಕ ಹಾಕಿದ ಮೇಡಂ ಒಬ್ಬರು. ಎದುರಿಗೆ ನಾವು ಅಪ್ಪ ಮಗಳು, ಅವರು ಅಪ್ಪ ಮಗ. ಮೇಜಿನ ಮೇಲೆ ಬಾಟಲಿ. ತರಬೇಕೆಂದು ಹೇಳಿದ್ದಕ್ಕೆ ನಾನೇ ಒರೆಸಿ ತಂದಿದ್ದೆ. ಆಮೇಲೆ, ಒರೆಸಿದ್ದು ಸಾಕ್ಷ್ಯ ಅಳಿಸಿದ ಅಪರಾಧವಾಗುತ್ತದೆಯೇ ಎಂದು ದಾರಿಯುದ್ದಕ್ಕೂ ಹೆದರಿದ್ದೆ.

ಹುಡುಗ ಮೊದಲು ಮಾತಾಡಿದ. ಬಸ್ಸು ಬ್ರೇಕ್ ಹಾಕಿದಾಗ ಇವಳು ತಾನಾಗಿ ಕಂಬಕ್ಕೆ ಹೊಡೆಸಿಕೊಂಡಳು, ತಾನು ನಕ್ಕೆ, ಆ ಸಿಟ್ಟಿಗೆ ಬಾಟಲಿ ಎತ್ತಿದಳು ಎಂದ. ಜಡೆಯನ್ನು ಮುಟ್ಟಲೇ ಇಲ್ಲವಂತೆ. ಮಗಳು ಆದದ್ದನ್ನು ಆದ ಹಾಗೆ ಹೇಳಿದಳು, ಹೊಡೆದದ್ದನ್ನೂ ಸೇರಿಸಿ. ಮೇಡಂ ಸಾಕ್ಷಿ ಯಾರು ಎಂದು ಕೇಳಿದರು. ಇವಳು ಆ ಚಿಕ್ಕ ಹುಡುಗಿಯ ವಿಷಯ ಹೇಳಿದಳು. ಹಾಗಾದರೆ ಯಾರೂ ಇಲ್ಲ ಎಂದು ಮೇಡಂ ಬರೆದುಕೊಂಡರು. ಆಗ ಹುಡುಗ, ಇವರ ಅಪ್ಪನೇ ನಮ್ಮ ಮನೆಗೆ ಬಂದು ಕಾಲಿಗೆ ಬಿದ್ದು ತಪ್ಪು ಒಪ್ಪಿದ್ದಾರೆ ಎಂದ.

ಹಿರಿಯರು ನನ್ನತ್ತ ತಿರುಗಿದರು. ಹೋಗಿದ್ದು ಹೌದಾ ಎಂದರು. ಹೌದು ಎಂದೆ. ತಪ್ಪಾಯ್ತು ಅಂದಿದ್ದು ಹೌದಾ ಎಂದರು. ಕಾಲಿಗೆ ಬಿದ್ದದ್ದಲ್ಲ, ಮೆಟ್ಟಿಲಿನಿಂದ ಬಿದ್ದದ್ದು ಎಂದು ತಿದ್ದಬೇಕೆನಿಸಿತು. ಹೌದು ಎಂದೆ. ಪ್ರಿನ್ಸಿಪಾಲರು ಕಣ್ಣು ಮುಚ್ಚಿಕೊಂಡರು. ಮೇಡಂ ಪೆನ್ನಿನ ಮುಚ್ಚಳ ಹಾಕಿದರು. ಆ ಮುಚ್ಚಳದ ಟಕ್ ಎಂಬ ಸದ್ದಿನಲ್ಲಿ ನನ್ನ ಮಗಳ ಓದು ಮುಗಿಯುವುದು ನನಗೆ ಕೇಳಿಸಿತು.

ಮಗಳು ಎದ್ದು ನಿಂತಳು. ನನ್ನನ್ನು ನೋಡಲಿಲ್ಲ, ಸಮಿತಿಯನ್ನೂ ನೋಡಲಿಲ್ಲ. ಗೌಡರ ಎದುರಿಗೆ ಹೋಗಿ ನಿಂತಳು. ಹುಬ್ಬಿನ ಮೇಲೆ ಹೊಲಿಗೆಯ ಕಪ್ಪು ನೂಲು ಕಾಣುತ್ತಿತ್ತು.

"ಅಪ್ಪ ಕಾಯಿ ತಂದಿದ್ರು. ನೀವು ಒಡೆದ್ರಿ. ಒಂದು ಕಡಿ ವಾಪಸ್ ಕೊಟ್ರಾ, ಇಲ್ವಾ?"

ಮೇಡಂ ಅರ್ಥವಾಗದೆ ಎಂತದು ಅದು ಎಂದು ಕೇಳಿದರು. ಹಿರಿಯರು ಕೈ ಎತ್ತಿ ಅವರನ್ನು ಸುಮ್ಮನಿರಿಸಿದರು. ಅವರಿಗೆ ವಿವರಿಸಬೇಕಿರಲಿಲ್ಲ, ಅವರ ಮನೆಯ ಅಂಗಳದಲ್ಲೂ ಕಾಯಿಗಳು ಒಡೆದಿದ್ದವು. ನಾನು ಲೆಕ್ಕ ಹಾಕಿದೆ. ಕಡಿ ಇಲ್ಲ, ಸಾರಿಗೆ ಹೋಗಿದೆ. ಗೌಡರು ಇಲ್ಲ ಎಂದುಬಿಟ್ಟರೆ ಕೇಳುವವರಿಲ್ಲ. ಕೊಟ್ಟದ್ದನ್ನು ನೋಡಿದ್ದು ಅವರ ತಾಯಿ ಮಾತ್ರ, ಅವರು ಈ ಮೆಟ್ಟಿಲು ಹತ್ತಲಾರರು. ನಾನಾಗಿದ್ದರೆ ಇಲ್ಲ ಎನ್ನುತ್ತಿದ್ದೆ.

"ಅಪ್ಪಯ್ಯ, ನೀನು ಸುಮ್ನಿರು" ಎಂದ ಹುಡುಗ.

ಅದೊಂದು ಮಾತು ಹೇಳದಿದ್ದರೆ ಏನಾಗುತ್ತಿತ್ತೋ ತಿಳಿಯದು. ಗೌಡರು ಕೂತಲ್ಲಿಂದಲೇ ಕೈ ಬೀಸಿದರು. ಏಟು ಹುಡುಗನ ಕಿವಿಯ ಮೇಲೆ ಬಿತ್ತು. ಅವನು ಕುರ್ಚಿಯ ಸಮೇತ ಮಗುಚಿದ. ಮಾಯುತ್ತಿದ್ದ ಮೂಗು ನೆಲಕ್ಕೆ ತಾಗಿ ಮತ್ತೆ ರಕ್ತ ಬಂತು. ಗೌಡರು ಎದ್ದು ಅವನ ಕೂದಲನ್ನು ಮುಷ್ಟಿಯಲ್ಲಿ ಹಿಡಿದು ಎತ್ತಿ, ಇನ್ನೊಂದು ಕೆನ್ನೆಗೆ ಹೊಡೆದರು, ಮತ್ತೆ ಹೊಡೆದರು. ಬಸ್ಸಿನಲ್ಲಿ ಹೇಗೆ ಆಗಿರಬಹುದು ಎಂಬುದು ಅಲ್ಲಿದ್ದವರಿಗೆಲ್ಲ ಆಗ ಕಂಡಿತು. ಆ ಮನೆಯಲ್ಲಿ ಕೂದಲು ಹಿಡಿಯುವ ಕ್ರಮ ಒಂದೇ ಇತ್ತು. ಮೇಡಂ ಗೋಡೆಗೆ ಒತ್ತಿ ನಿಂತಿದ್ದರು. ಪ್ರಿನ್ಸಿಪಾಲರು ನಡುವೆ ಹೋಗಿ ಮೊಣಕೈಯ ಏಟು ತಿಂದರು.

"ಕೊಟ್ಟೀನಿ" ಎಂದರು ಗೌಡರು, ಏದುಸಿರಿನಲ್ಲಿ. "ಕಡಿ ವಾಪಸ್ ಕೊಟ್ಟೀನಿ. ಇವ ಜಡೆ ಹಿಡ್ದಿದ್ದು ಇವನ ಮುಖ ನೋಡೇ ನಂಗೆ ಗೊತ್ತಾಯ್ತು."

ಹಿರಿಯರು ಹುಡುಗನನ್ನು ಕೇಳಿದರು. ಅವನು ಅಂಗಿಯ ತೋಳಿನಲ್ಲಿ ಮೂಗು ಒತ್ತಿಕೊಂಡು, ಹಿಡಿದಿದ್ದೆ, ಕಂಬಕ್ಕೆ ಹೊಡೆದಿದ್ದೆ ಎಂದ. ಬ್ಯಾಗು ಎಸೆದದ್ದನ್ನೂ ಒಪ್ಪಿದ. ಅಳುತ್ತಿದ್ದ. ಅವನಿಗೆ ನನ್ನ ಮಗಳದೇ ವಯಸ್ಸು ಎಂಬುದು ನನಗೆ ಆಗ ನೆನಪಾಗಬೇಕಿತ್ತು. ಆಗಲಿಲ್ಲ. ಆ ಏಟಿನ ಸದ್ದು ಕಿವಿಯಲ್ಲಿ ಇನ್ನೂ ಇತ್ತು, ಮತ್ತು ಅದು ಬೆಲ್ಲದ ಹಾಗೆ ಕರಗುತ್ತಿತ್ತು. ಮೂರು ತಲೆಮಾರಿನಿಂದ ಬಾಯಿ ಕಹಿಯಾಗಿದ್ದವನಿಗೆ ಯಾರೋ ತಿನ್ನಿಸಿದಂತೆ.

ತೀರ್ಪು ಆ ಮಧ್ಯಾಹ್ನವೇ ಬಂತು. ಟಿ.ಸಿ. ಆದೇಶ ರದ್ದು. ಇಬ್ಬರೂ ಕೈ ಮಾಡಿದ್ದರಿಂದ ಇಬ್ಬರಿಗೂ ಒಂದು ವಾರ ತರಗತಿ ಇಲ್ಲ. ಇಬ್ಬರೂ ಮುಚ್ಚಳಿಕೆ ಬರೆದುಕೊಡಬೇಕು. ಪ್ರಿನ್ಸಿಪಾಲರು ಊದಿದ ಕೆನ್ನೆ ಸವರಿಕೊಳ್ಳುತ್ತ ನನ್ನನ್ನು ಪಕ್ಕಕ್ಕೆ ಕರೆದು, ಆ ವಾರವೂ ಗೈರುಹಾಜರಿಗೆ ಸೇರುತ್ತದೆ, ಇನ್ನು ಪರೀಕ್ಷೆಯ ತನಕ ಇವಳು ಒಂದು ದಿನವೂ ತಪ್ಪಿಸಿಕೊಳ್ಳುವ ಹಾಗಿಲ್ಲ ಎಂದು ಎಚ್ಚರಿಸಿದರು. ಗೌಡರು ನಮ್ಮ ಮುಂದೆಯೇ ಜೀಪು ಹತ್ತಿ ಹೋದರು. ನನ್ನನ್ನು ನೋಡಲಿಲ್ಲ. ಮಗ ಹಿಂದಿನ ಸೀಟಿನಲ್ಲಿ ತಲೆ ಬಗ್ಗಿಸಿ ಕೂತಿದ್ದ. ಮನೆಗೆ ಹೋದ ಮೇಲೆ ಅವನಿಗೆ ಇನ್ನೆಷ್ಟು ಬಿತ್ತೋ.

ಬಸ್ ಸ್ಟ್ಯಾಂಡಿನಲ್ಲಿ ಮಗಳಿಗೆ ಏನಾದರೂ ತಿನ್ನೋಣ ಎಂದೆ. ಗೆದ್ದವನ ಹಸಿವು ನನ್ನದು. ಅವಳು ಬೇಡ ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ಅವ್ನಿಗೆ ಬಿದ್ದಾಗ ನೀವು ನಕ್ಕಿದ್ದು ಕಂಡೆ" ಎಂದಳು.

ನಗಲಿಲ್ಲ ಎಂದೆ.

"ನಕ್ರಿ ಅಪ್ಪ. ನಂಗೆ ಬೇಕಾಗಿದ್ದು ಆ ಹೌದು ಅನ್ನೋ ಮಾತೊಂದೇ. ಹೊಡ್ತ ಬೇಕಿರ್ಲಿಲ್ಲ. ಅವ್ರ ಮನೇಲಿ ಹೊಡ್ಯೋದು ಬಿಟ್ಟು ಬೇರೆ ಭಾಷೆ ಇಲ್ಲ. ನಮ್ಮನೇಲಿ ಬೀಳೋದು ಬಿಟ್ಟು ಇಲ್ಲ."

ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕೂತು ಬಾಟಲಿಯ ನೆಗ್ಗನ್ನು ಹೆಬ್ಬೆರಳಿನಲ್ಲಿ ಒತ್ತುತ್ತಿದ್ದಳು, ಹೊರಗೆ ಬರುತ್ತದೇನೋ ಎಂಬಂತೆ.

ವಾರ ಕಳೆದು ಅವಳು ಮತ್ತೆ ಕಾಲೇಜಿಗೆ ಹೊರಟ ದಿನ ನಾನೂ ಬಸ್ ನಿಲ್ಲುವಲ್ಲಿಗೆ ಹೋದೆ. ಬೇಡ ಎಂದಿದ್ದಳು. ಬಸ್ಸು ಬಂತು, ಬಾಗಿಲಲ್ಲಿ ಜನ ಜೋತಾಡುತ್ತಿದ್ದರು. ಕಂಡಕ್ಟರು ಒಳಗಿನಿಂದಲೇ ಜಾಗ ಇಲ್ಲ, ಹಿಂದೆ ಬರುವ ಬಸ್ಸಿಗೆ ಬನ್ನಿ ಎಂದು ಕೈ ಆಡಿಸಿದ. ಹಿಂದಿನ ಬಸ್ಸಿಗೆ ಹೋದರೆ ಮೊದಲ ಎರಡು ತರಗತಿ ಹೋಯಿತು. ಎರಡು ತರಗತಿ ಹೋದರೆ ಹಾಜರಿ ಹೋಯಿತು, ಪರೀಕ್ಷೆ ಹೋಯಿತು. ಮೆಟ್ಟಿಲಿನ ಮೇಲೆ ಛತ್ರಿ ಹಿಡಿದ ಒಬ್ಬರು ನಿಂತಿದ್ದರು, ನನ್ನದೇ ವಯಸ್ಸಿನವರು, ಪಾಪ, ಸಂತೆಗೆ ಹೊರಟವರಿರಬೇಕು. ನಾನು ಅವರ ಪಕ್ಕೆಗೆ ಮೊಣಕೈಯಿಂದ ಗುದ್ದಿದೆ. ಯೋಚಿಸಿ ಗುದ್ದಿದ್ದಲ್ಲ, ಆದರೆ ಮೆಲ್ಲಗೂ ಅಲ್ಲ. ಅವರು ಹಾ ಎಂದು ಬಾಗಿ ರಸ್ತೆಗೆ ಇಳಿದುಬಿಟ್ಟರು. ತೆರವಾದ ಜಾಗದಲ್ಲಿ ಮಗಳನ್ನು ದೂಡಿ ಹತ್ತಿಸಿದೆ.

ಅವಳು ಬಾಗಿಲ ಕಂಬವನ್ನು ಹಿಡಿದುಕೊಂಡು ತಿರುಗಿ ನೋಡಿದಳು. ಬೈಯಲಿಲ್ಲ, ನಗಲಿಲ್ಲ. ಬಸ್ಸು ಹೊರಟಿತು. ಛತ್ರಿಯವರು ರಸ್ತೆಯಲ್ಲೇ ಉಳಿದಿದ್ದರು, ಪಕ್ಕೆ ಹಿಡಿದುಕೊಂಡು. ಛತ್ರಿ ಕೆಸರಿನಲ್ಲಿ ಬಿದ್ದಿತ್ತು. ನಾನು ಅದನ್ನು ಎತ್ತಿ, ನನ್ನ ಪಂಚೆಯಲ್ಲಿ ಒರೆಸಿ ಅವರ ಕೈಗೆ ಕೊಟ್ಟು ತಪ್ಪಾಯ್ತು ಎಂದೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಹಿಂದಿನ ಬಸ್ಸು ಬರುವ ತನಕ ನಾನು ಅವರ ಜೊತೆ ನಿಂತಿದ್ದೆ.